ಹಾಸ್ಟೆಲ್ಲೋ, ಪಿ.ಜಿ.ಯೋ, ಚಿಕ್ಕಮ್ಮನ ಮನೆಯೋ?

(ಮಹಿಳಾ ವೇದಿಕೆಯ ಸಭೆಯಲ್ಲಿ ಆಡಿದ ಮಾತಿನ ಬರಹ ರೂಪ)

 

ಜೂನ್ ಬಂತೆಂದರೆ ಪುಣೆಯಲ್ಲಿರುವ ನಮ್ಮೆಲ್ಲರ ಫೋನಿಗೆ ಊರಿನಿಂದ ಒಂದೇ ಬಗೆಯ ಕರೆಗಳು ಬರುತ್ತವೆ. ಬೆಳಗಾವಿಯಿಂದ, ಹುಬ್ಬಳ್ಳಿಯಿಂದ, ವಿಜಯಪುರದಿಂದ, ಕಲಬುರಗಿಯಿಂದ. “ಮಗಳಿಗೆ ಪುಣೆಯಲ್ಲಿ ಸೀಟು ಸಿಕ್ಕಿದೆ, ಎಲ್ಲಿ ಇಡೋಣ?” ಆ ‘ಇಡೋಣ’ ಎನ್ನುವ ಮಾತನ್ನು ಸ್ವಲ್ಪ ಗಮನಿಸಿ. ಮಗನಾದರೆ “ಎಲ್ಲಿ ಇರ್ತಾನೆ?” ಎಂದು ಕೇಳುತ್ತೇವೆ. ಮಗಳಾದರೆ “ಎಲ್ಲಿ ಇಡೋಣ?” ಒಡವೆಯನ್ನು ಲಾಕರಿನಲ್ಲಿ ಇಟ್ಟ ಹಾಗೆ!

ನಾನು ಇದೇ ಊರಿನಲ್ಲಿ ಎಂ.ಟೆಕ್. ಮಾಡಿದವಳು. ಹಾಸ್ಟೆಲ್, ಪಿ.ಜಿ., ಗೆಳತಿಯರ ಜೊತೆ ಬಾಡಿಗೆ ಫ್ಲ್ಯಾಟ್, ಮೂರನ್ನೂ ಕಂಡಿದ್ದೇನೆ. ಈಗ ಐ.ಟಿ. ಕೆಲಸದಲ್ಲಿದ್ದರೂ ಪ್ರತಿ ವರ್ಷ ಯಾರಾದರೊಬ್ಬ ಹುಡುಗಿಗೆ ಜಾಗ ಹುಡುಕುವ ಕೆಲಸ ನನಗೆ ತಪ್ಪಿಲ್ಲ. ಅದಕ್ಕೇ ಈ ವಿಷಯವನ್ನು ನನಗೆ ಒಪ್ಪಿಸಿದ್ದಾರೆ. ಹೇಳಬೇಕಾದ್ದನ್ನು ಮೊದಲೇ ಹೇಳಿಬಿಡುತ್ತೇನೆ: ಹುಡುಗಿ ಎಲ್ಲಿ ಇರುತ್ತಾಳೆ ಎನ್ನುವುದು ಅವಳು ಎಷ್ಟು ಓದಬಲ್ಲಳು ಎನ್ನುವುದನ್ನು ತೀರ್ಮಾನಿಸುತ್ತದೆ. ಕಾಲೇಜು ಆರಿಸಲು ಆರು ತಿಂಗಳು ತಲೆ ಕೆಡಿಸಿಕೊಳ್ಳುವ ನಾವು, ಇರುವ ಜಾಗವನ್ನು ಒಂದು ಭಾನುವಾರದಲ್ಲಿ ಮುಗಿಸಿಬಿಡುತ್ತೇವೆ.

ಈ ಊರಿನಲ್ಲಿ ಹೆಣ್ಣುಮಕ್ಕಳ ಓದಿನ ಕತೆಯೇ ಇದಕ್ಕೆ ಸಾಕ್ಷಿ. 1848ರಲ್ಲಿ ಜ್ಯೋತಿಬಾ ಮತ್ತು ಸಾವಿತ್ರಿಬಾಯಿ ಫುಲೆ ಭಿಡೆ ವಾಡೆಯಲ್ಲಿ ಹುಡುಗಿಯರ ಶಾಲೆ ತೆರೆದದ್ದು ನಮಗೆಲ್ಲ ಗೊತ್ತು. ಆದರೆ ತವರಿಗೂ ಬೇಡವಾದ, ಗಂಡನ ಮನೆಗೂ ಬೇಡವಾದ ವಿಧವೆಯರು ಶಾಲೆಗೆ ಹೋಗಬೇಕೆಂದರೆ ಮೊದಲು ಅವರಿಗೊಂದು ಇರುವ ಮನೆ ಬೇಕಿತ್ತು. ಆ ಮನೆ ಕಟ್ಟಿದವರಲ್ಲಿ ಮುಖ್ಯರು ಪಂಡಿತಾ ರಮಾಬಾಯಿ. ಅವರು ಹುಟ್ಟಿದ್ದು ನಮ್ಮ ಕಡೆಯೇ: 1858ರಲ್ಲಿ, ತುಂಗಾ ಭದ್ರಾ ನದಿಗಳು ಹುಟ್ಟುವ ಗಂಗಾಮೂಲದ ಕಾಡಿನ ಆಶ್ರಮದಲ್ಲಿ. 1889ರಲ್ಲಿ ಮುಂಬಯಿಯಲ್ಲಿ ಶಾರದಾ ಸದನ ಆರಂಭಿಸಿ, ಮರುವರ್ಷ ಅದನ್ನು ಪುಣೆಗೆ ತಂದರು. ಅಲ್ಲಿಯೇ ಇದ್ದುಕೊಂಡು ಓದುವ ಶಾಲೆ ಅದು. ಅಲ್ಲಿ ಓದಿದ ವಿಧವೆ ಗೋಡುಬಾಯಿಯನ್ನು 1893ರಲ್ಲಿ ಧೋಂಡೊ ಕೇಶವ ಕರ್ವೆಯವರು ಮದುವೆಯಾದರು. ಕರ್ವೆಯವರು 1896ರಲ್ಲಿ ಆಶ್ರಮ ಸ್ಥಾಪಿಸಿದರು. ಅದನ್ನು ಆಮೇಲೆ ಊರ ಹೊರಗಿನ ಹಿಂಗಣೆಗೆ ಒಯ್ದರು. 1916ರಲ್ಲಿ ಮಹಿಳಾ ವಿಶ್ವವಿದ್ಯಾಲಯವನ್ನೇ ಕಟ್ಟಿದರು. ಕ್ರಮ ನೋಡಿ: ಮೊದಲು ಇರಲು ಮನೆ, ಆಮೇಲೆ ಶಾಲೆ, ಆಮೇಲೆ ವಿಶ್ವವಿದ್ಯಾಲಯ. ಇವತ್ತು ಆ ಹಿಂಗಣೆ ಕರ್ವೆನಗರದೊಳಗೆ ಸೇರಿಹೋಗಿದೆ. ಸಂಸ್ಥೆಯ ಆವರಣದಲ್ಲಿ ಹುಡುಗಿಯರ ಎಂಜಿನಿಯರಿಂಗ್ ಕಾಲೇಜೂ ಇದೆ, ಹಾಸ್ಟೆಲುಗಳೂ ಇವೆ.

ಇನ್ನೊಂದು ಉದಾಹರಣೆ ನಿಮಗೆಲ್ಲ ಪರಿಚಿತ. 1974ರಲ್ಲಿ ಹುಬ್ಬಳ್ಳಿಯ ಸುಧಾ ಕುಲಕರ್ಣಿ, ಅಂದರೆ ನಮ್ಮ ಸುಧಾ ಮೂರ್ತಿಯವರು, ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ ಸ್ನಾತಕೋತ್ತರ ಓದುತ್ತ ಲೇಡೀಸ್ ಹಾಸ್ಟೆಲಿನಲ್ಲಿದ್ದರು. ಮಹಿಳೆಯರು ಅರ್ಜಿ ಹಾಕಬೇಕಾಗಿಲ್ಲ ಎಂಬ ಟೆಲ್ಕೋ ಜಾಹೀರಾತು ನೋಡಿ ಜೆ.ಆರ್.ಡಿ. ಟಾಟಾ ಅವರಿಗೆ ಕಾರ್ಡು ಬರೆದ ಪ್ರಸಂಗ ಎಲ್ಲರಿಗೂ ಗೊತ್ತಿದೆ. ಅದರಲ್ಲಿ ನನಗೆ ಬಹಳ ಇಷ್ಟವಾದ ಸಂಗತಿ ಬೇರೆ. ಪುಣೆಗೆ ಸಂದರ್ಶನಕ್ಕೆ ಬಾ ಎಂದು ಕರೆ ಬಂದಾಗ, ಖರ್ಚೆಲ್ಲ ಕಂಪನಿಯದು, ಹೋಗಿ ಬಾ, ಬರುವಾಗ ಪುಣೆಯ ಸೀರೆ ತಾ ಎಂದು ಹಾಸ್ಟೆಲಿನ ಗೆಳತಿಯರು ಹುರಿದುಂಬಿಸಿದರಂತೆ. ತಲೆಗೆ ಮೂವತ್ತು ರೂಪಾಯಿ ಸಂಗ್ರಹಿಸಿಕೊಂಡು ಹೊರಟದ್ದನ್ನು ಅವರೇ ಬರೆದಿದ್ದಾರೆ. ನೋಡಿ, ಹಾಸ್ಟೆಲ್ ಕೊಡುವುದು ಮಂಚ, ಮೇಜು ಮಾತ್ರ ಅಲ್ಲ. “ಹೋಗಿ ಬಾರೇ, ಏನಾಗುತ್ತೆ?” ಎನ್ನುವ ಹತ್ತು ದನಿಗಳನ್ನು ಕೊಡುತ್ತದೆ. ಆ ದನಿಗಳಿಗೆ ಬಾಡಿಗೆ ಲೆಕ್ಕ ಹಾಕಲಾಗುವುದಿಲ್ಲ.

ಈಗ ನಮ್ಮ ಕಾಲಕ್ಕೆ ಬರೋಣ. ನಮ್ಮ ಮುಂದೆ ನಾಲ್ಕು ದಾರಿಗಳಿವೆ.

ಮೊದಲನೆಯದು ಕ್ಯಾಂಪಸ್ ಒಳಗಿನ ಹಾಸ್ಟೆಲ್. ಸಿಕ್ಕರೆ, ಮೊದಲ ವರ್ಷಕ್ಕಂತೂ, ಕಣ್ಣು ಮುಚ್ಚಿ ತೆಗೆದುಕೊಳ್ಳಿ ಎನ್ನುತ್ತೇನೆ. ಗಣೇಶಖಿಂಡದ ಸಾವಿತ್ರಿಬಾಯಿ ಫುಲೆ ಪುಣೆ ವಿಶ್ವವಿದ್ಯಾಲಯದ ಆವರಣ ಸುಮಾರು 411 ಎಕರೆ. ಒಳಗಿದ್ದವಳಿಗೆ ಗ್ರಂಥಾಲಯ, ವಿಭಾಗ, ಆಯುಕದಂಥ ಸಂಸ್ಥೆಗಳ ಉಪನ್ಯಾಸ ಎಲ್ಲವೂ ನಡಿಗೆಯ ದೂರ. ಎಂ.ಟೆಕ್. ಓದುವವಳಿಗೆ ಇದು ಇನ್ನೂ ಮುಖ್ಯ. ಲ್ಯಾಬಿನಲ್ಲಿ ಒಂದು ಪ್ರೋಗ್ರಾಮ್ ಓಡಿಸಿದರೆ ಅದು ಐದು ಗಂಟೆಗೇ ಮುಗಿಯಬೇಕೆಂದಿಲ್ಲ, ರಾತ್ರಿ ಹತ್ತಕ್ಕೆ ಎಡವಿ ನಿಲ್ಲಬಹುದು. ಹೋಗಿ ನೋಡಿ ಸರಿಪಡಿಸಿ ಬರುವವನಿಗೆ ಒಂದು ದಿನ ಉಳಿಯುತ್ತದೆ. ಏಳೂವರೆಗೆ ಗೇಟಿನೊಳಗೆ ಇರಬೇಕಾದವಳಿಗೆ ಒಂದು ದಿನ ಹೋಗುತ್ತದೆ. ಹೀಗೆ ಹೋದ ದಿನಗಳು ಅಂಕಪಟ್ಟಿಯಲ್ಲಿ ಕಾಣುವುದಿಲ್ಲ, ಆದರೆ ಪ್ರಾಜೆಕ್ಟಿನಲ್ಲಿ ಕಾಣುತ್ತವೆ.

ಇನ್ನೊಂದು ಅನುಕೂಲವೂ ಉಂಟು. ಕ್ಯಾಂಪಸ್ ಒಳಗೆ ಏನಾದರೂ ಆದರೆ ಕೇಳಲು ಸಂಸ್ಥೆಯಿದೆ. ಆಂತರಿಕ ದೂರು ಸಮಿತಿ ಇರಲೇಬೇಕು. ರ‍್ಯಾಗಿಂಗ್ ತಡೆಗೆ ಯು.ಜಿ.ಸಿ.ಯ 2009ರ ನಿಯಮಗಳಿವೆ, 1800-180-5522 ಸಹಾಯವಾಣಿ ಇದೆ. ಪಿ.ಜಿ. ಮಾಲೀಕರ ಮೇಲೆ ವಿಶ್ವವಿದ್ಯಾಲಯಕ್ಕೆ ಅಷ್ಟು ಹಿಡಿತ ಇರುವುದಿಲ್ಲ.

ತೊಡಕೆಂದರೆ ಹಾಸ್ಟೆಲ್ ಎಲ್ಲರಿಗೂ ಸಿಗುವುದಿಲ್ಲ. ಕಾಲೇಜಿನ ತರಗತಿ ಶುರುವಾದ ಮೇಲೆ ಹಾಸ್ಟೆಲ್ ಪಟ್ಟಿ ಹೊರಬೀಳುವುದೂ ಉಂಟು. ಹಾಸ್ಟೆಲ್ ಸೀಟು ಸಿಗಲಿಲ್ಲವೆಂದು ಕಾಲೇಜಿನ ಸೀಟನ್ನೇ ಬಿಡಿಸಿ, ಮಗಳನ್ನು ಮನೆ ಹತ್ತಿರದ ಕಾಲೇಜಿಗೆ ಸೇರಿಸಿದವರು ನಮ್ಮೆಲ್ಲರ ಬಳಗದಲ್ಲೂ ಇದ್ದಾರೆ. ಇವತ್ತು ನಾನು ಮಾತಾಡಲು ಒಪ್ಪಿದ್ದೇ ಆ ಹುಡುಗಿಯರ ಸಲುವಾಗಿ.

ಎರಡನೆಯದು ಪಿ.ಜಿ. ಔಂಧ್, ಪಾಷಾಣ, ಶಿವಾಜಿನಗರ, ಡೆಕ್ಕನ್, ಕೋಥರೂಡ್, ಎಲ್ಲೆಡೆ ಸಾಲು ಸಾಲು ಇವೆ. ನೋಡಲು ಹೋಗುವವರಿಗೆ ಕೆಲವು ಸೂಚನೆ. ಬೆಳಗ್ಗೆ ಹನ್ನೊಂದಕ್ಕೆ ಕಾರಿನಲ್ಲಿ ಹೋಗಬೇಡಿ. ರಾತ್ರಿ ಎಂಟಕ್ಕೆ ಕ್ಯಾಂಪಸ್ ಗೇಟಿನಿಂದ ಆ ಬಾಗಿಲವರೆಗೆ ಹುಡುಗಿಯ ಜೊತೆ ನಡೆದು ಹೋಗಿ. ಬೀದಿದೀಪ ಉರಿಯುತ್ತದೆಯೇ, ಅಂಗಡಿಗಳು ತೆರೆದಿವೆಯೇ, ಬಸ್ ನಿಲ್ದಾಣದಲ್ಲಿ ಜನ ಇರುತ್ತಾರೆಯೇ ನೋಡಿ. ಮಾಲೀಕರು ಹೇಳುವುದನ್ನು ಕೇಳಿ, ಆದರೆ ಅಲ್ಲಿರುವ ಹುಡುಗಿಯರನ್ನು ಪ್ರತ್ಯೇಕವಾಗಿ ಮಾತಾಡಿಸಿ. ಕೋಣೆಯ ಇನ್ನೊಂದು ಕೀಲಿ ಯಾರ ಹತ್ತಿರ ಇರುತ್ತದೆ? ದುರಸ್ತಿಗೆ ಬರುವವರು ಹೇಳಿ ಬರುತ್ತಾರೆಯೇ? ಬಿಡುವಾಗ ಡಿಪಾಸಿಟ್ ಎಷ್ಟು ದಿನಕ್ಕೆ ಮರಳಿ ಬರುತ್ತದೆ, ಅದು ಬರಹದಲ್ಲಿದೆಯೇ? ನಮ್ಮ ಪುಣೆಗೇ ಸೇರಿದ ಎರಡು ಪ್ರಶ್ನೆಗಳೂ ಇವೆ. ದುರಸ್ತಿಗೆಂದು ಪಾಲಿಕೆ ನೀರು ನಿಲ್ಲಿಸುವ ಗುರುವಾರಗಳಲ್ಲಿ ನೀರಿನ ವ್ಯವಸ್ಥೆ ಏನು? ಭಾನುವಾರ ರಾತ್ರಿ ಊಟ ಉಂಟೋ ಇಲ್ಲವೋ? ಈ ಊರಿನ ಎಷ್ಟೋ ಮೆಸ್‌ಗಳು ಭಾನುವಾರ ರಾತ್ರಿ ಬಂದ್. ಮನೆ ಬಿಟ್ಟು ಬಂದ ಹುಡುಗಿಗೆ ವಾರದಲ್ಲಿ ಅತಿ ಹೆಚ್ಚು ಮನೆ ನೆನಪಾಗುವುದು ಅದೇ ರಾತ್ರಿ.

ಬಿಲ್ಲಿನ ಮೇಲೂ ಕಣ್ಣಿರಲಿ. 2024ರ ಜೂನ್‌ನಲ್ಲಿ ಜಿ.ಎಸ್.ಟಿ. ಮಂಡಳಿ, ಕ್ಯಾಂಪಸ್ ಹೊರಗಿನ ಹಾಸ್ಟೆಲುಗಳಿಗೂ ತಲೆಗೆ ತಿಂಗಳಿಗೆ 20,000 ರೂಪಾಯಿವರೆಗೆ ತೆರಿಗೆ ವಿನಾಯಿತಿ ಕೊಡಲು ತೀರ್ಮಾನಿಸಿತು. ಕನಿಷ್ಠ 90 ದಿನ ಸತತವಾಗಿ ಇರಬೇಕೆಂಬ ಷರತ್ತಿದೆ. ಬಿಲ್ಲಿನಲ್ಲಿ ಜಿ.ಎಸ್.ಟಿ. ಸೇರಿಸಿದ್ದರೆ ಯಾಕೆಂದು ಕೇಳಿ.

ಮೂರನೆಯದು ಗೆಳತಿಯರು ಸೇರಿ ಹಿಡಿಯುವ ಫ್ಲ್ಯಾಟ್. ಇದು ಎರಡನೆಯ ವರ್ಷಕ್ಕೆ, ಊರೂ ಜನರೂ ಪರಿಚಯವಾದ ಮೇಲೆ ಸರಿ. ಗ್ಯಾಸು, ಹಾಲು, ಕರೆಂಟು ಬಿಲ್ಲು, ಸೊಸೈಟಿ ಕಾರ್ಯದರ್ಶಿಯ ಗೊಣಗಾಟ ಎಲ್ಲ ಸೇರಿ ಓದಿನ ವೇಳೆಯನ್ನು ತಿನ್ನುತ್ತವೆ, ಆದರೆ ಬದುಕನ್ನೂ ಕಲಿಸುತ್ತವೆ. ಒಪ್ಪಂದ ಮಾತ್ರ ಬಾಯಿಮಾತಿನದಾಗಬಾರದು. ಮಹಾರಾಷ್ಟ್ರದ 1999ರ ಬಾಡಿಗೆ ನಿಯಂತ್ರಣ ಕಾಯ್ದೆಯ ಪ್ರಕಾರ ಲೀವ್ ಅಂಡ್ ಲೈಸೆನ್ಸ್ ಕರಾರು ಬರಹದಲ್ಲಿರಬೇಕು, ನೋಂದಣಿಯಾಗಬೇಕು. ನೋಂದಣಿ ಮಾಡಿಸುವ ಹೊಣೆ ಮಾಲೀಕರದು. ನಾಲ್ವರು ಇದ್ದರೆ ನಾಲ್ವರ ಹೆಸರೂ ಅದರಲ್ಲಿರಲಿ.

ನಾಲ್ಕನೆಯದು ನಮ್ಮದೇ ಮನೆ. ಇಲ್ಲಿ ಸ್ವಲ್ಪ ಖಾರವಾಗಿ ಹೇಳಿದರೆ ಕ್ಷಮಿಸಿ. “ನಾವೆಲ್ಲ ಇಲ್ಲಿದ್ದೂ ಹುಡುಗಿಯನ್ನು ಹಾಸ್ಟೆಲಿನಲ್ಲಿ ಬಿಟ್ಟರೆ ಜನ ಏನಂದಾರು?” ಈ ಮಾತಿನಲ್ಲಿ ಪ್ರೀತಿಯೂ ಇದೆ, ಜನರ ಭಯವೂ ಇದೆ. ಲೆಕ್ಕ ಹಾಕೋಣ. ಮನೆ ಕಾತ್ರಜದಲ್ಲಿ, ವಿಭಾಗ ಗಣೇಶಖಿಂಡದಲ್ಲಿ ಎಂದುಕೊಳ್ಳಿ. ಪುಣೆಯ ಟ್ರಾಫಿಕ್ಕಿನಲ್ಲಿ ಹೋಗಲು ಒಂದು ಗಂಟೆ, ಬರಲು ಒಂದು ಗಂಟೆ. ವರ್ಷಕ್ಕೆ 200 ದಿನವೆಂದರೂ 400 ಗಂಟೆ, ಎರಡು ವರ್ಷಕ್ಕೆ 800. ದಿನಕ್ಕೆ ಎಂಟು ಗಂಟೆಯ ಓದಿನ ಲೆಕ್ಕದಲ್ಲಿ ಪೂರ್ತಿ ನೂರು ದಿನ ಬಸ್ಸಿನಲ್ಲೇ ಕಳೆಯಿತು.

ಅದಕ್ಕಿಂತ ದೊಡ್ಡದು ಸಂಕೋಚ. ನೆಂಟರ ಮನೆಯಲ್ಲಿ ಓದುವ ಹುಡುಗಿ ಅತಿಥಿಯೂ ಅಲ್ಲ, ಮನೆಮಗಳೂ ಅಲ್ಲ. ರಾತ್ರಿ ಹನ್ನೊಂದಕ್ಕೆ ದೀಪ ಹಾಕಿ ಕುಳಿತರೆ ಚಿಕ್ಕಪ್ಪನ ನಿದ್ದೆ ಕೆಟ್ಟೀತು ಎಂಬ ಅಳುಕು. ಕುಕ್ಕರ್ ಕೂಗಿದಾಗ ಪುಸ್ತಕ ಬಿಟ್ಟು ಏಳಬೇಕೆಂಬ ಅಳುಕು. ಯಾರೂ ಅವಳಿಗೆ ಕೆಲಸ ಹೇಳಿರುವುದಿಲ್ಲ, ಆದರೂ ಅವಳು ಏಳುತ್ತಾಳೆ, ಹಾಗೆ ಬೆಳೆಸಿದ್ದೇವೆ. ಚಿಕ್ಕಮ್ಮನಿಗೂ ನೆಮ್ಮದಿಯಿಲ್ಲ. ಹುಡುಗಿ ಬರುವುದು ಅರ್ಧ ಗಂಟೆ ತಡವಾದರೆ ಊರಿಗೆ ಉತ್ತರ ಹೇಳಬೇಕಾದವಳು ಅವಳೇ. ಕಾಲೇಜು ಹತ್ತಿರವಿದ್ದು, ಅವಳಿಗೊಂದು ಕೋಣೆ ಕೊಡಲು ಆಗಿ, ಅವಳೂ ಮನಸಾರೆ ಒಪ್ಪಿದರೆ ಸಂತೋಷ. ಇಲ್ಲದಿದ್ದರೆ ಹಾಸ್ಟೆಲ್ ಪಟ್ಟಿ ಬರುವವರೆಗಿನ ಮೂರು ನಾಲ್ಕು ವಾರಕ್ಕೆ ನಮ್ಮ ಮನೆ ತೆರೆದಿರಲಿ. ಆ ಮೂರು ವಾರ ಸಿಕ್ಕರೆ ಕಾಲೇಜಿನ ಸೀಟು ಬಿಡುವ ಮಾತೇ ಬರುವುದಿಲ್ಲ.

ಸುರಕ್ಷತೆಯ ಬಗ್ಗೆ ಒಂದು ಮಾತು. ಬೇಗ ಬೀಗ ಹಾಕುವ ಹಾಸ್ಟೆಲೇ ಒಳ್ಳೆಯದು ಎಂದು ನಾವು ನಂಬಿದ್ದೇವೆ. ಯು.ಜಿ.ಸಿ. ಹಾಗೆ ಹೇಳುವುದಿಲ್ಲ. ಲೈಂಗಿಕ ಕಿರುಕುಳ ತಡೆಯ ಬಗ್ಗೆ ಅದು ಮಾಡಿರುವ 2015ರ ನಿಯಮಾವಳಿಯಲ್ಲಿ, ಸುರಕ್ಷತೆಯ ಹೆಸರಿನಲ್ಲಿ ಹುಡುಗಿಯರ ಹಾಸ್ಟೆಲಿಗೆ ಹುಡುಗರಿಗಿಲ್ಲದ ತಾರತಮ್ಯದ ನಿಯಮ ಹೇರಬಾರದು ಎಂಬ ಅಂಶವಿದೆ. ದಾರಿಯಲ್ಲಿ ದೀಪ, ನಂಬುವಂಥ ಬಸ್ಸು, ದೂರು ಕೇಳುವ ಕಿವಿ ಇವುಗಳ ಜವಾಬ್ದಾರಿ ಸಂಸ್ಥೆಯ ಮೇಲೆ ಬರಬೇಕು. ಬೀಗ ಹಾಕಿದರೆ ಆ ಜವಾಬ್ದಾರಿ ಮರೆಯಾಗುತ್ತದೆ. ಗೇಟು ಮುಚ್ಚಿದ ಮೇಲೆ ತಲುಪಿದ ಹುಡುಗಿ ಬೈಗುಳಕ್ಕೆ ಹೆದರಿ ಹೊರಗೇ ನಿಂತರೆ ಅದು ಯಾವ ಸುರಕ್ಷತೆ? ಹಾಗಾಗಿ ವಾರ್ಡನ್ ಅವರನ್ನು “ಗೇಟು ಎಷ್ಟು ಹೊತ್ತಿಗೆ ಮುಚ್ಚುತ್ತೀರಿ?” ಎಂದು ಕೇಳಿದ ಮೇಲೆ “ತಡವಾಗಿ ಬಂದವಳಿಗೆ ಏನು ಮಾಡುತ್ತೀರಿ?” ಎಂದೂ ಕೇಳಿ. ಎರಡನೆಯ ಪ್ರಶ್ನೆಯ ಉತ್ತರದಲ್ಲಿ ಆ ಜಾಗದ ಗುಣ ಗೊತ್ತಾಗುತ್ತದೆ.

ಕೊನೆಗೆ ನಮ್ಮ ವೇದಿಕೆಗೊಂದು ಕೋರಿಕೆ. ನಮ್ಮ ಅಜ್ಜಂದಿರ ಕಾಲದಲ್ಲಿ ವಾರಾನ್ನ ಎಂಬುದಿತ್ತು. ಧಾರವಾಡಕ್ಕೋ ಮೈಸೂರಿಗೋ ಓದಲು ಬಂದ ಬಡ ಹುಡುಗ ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆಯಲ್ಲಿ ಉಂಡು ಓದು ಮುಗಿಸುತ್ತಿದ್ದ. ದೊಡ್ಡ ಗುಣವೇ. ಆದರೆ ಅಲ್ಲಿ ಜಾತಿ ನೋಡುತ್ತಿದ್ದರು, ಮತ್ತು ಉಂಡವರೆಲ್ಲ ಹೆಚ್ಚುಕಡಿಮೆ ಹುಡುಗರೇ. ನಾವು ಅದನ್ನು ಬೇರೆ ರೀತಿಯಲ್ಲಿ ಮಾಡಬಹುದು. ಮೆಸ್ ಮುಚ್ಚಿರುವ ಭಾನುವಾರ ರಾತ್ರಿ, ನಮ್ಮಲ್ಲಿ ಒಬ್ಬೊಬ್ಬರು ತಿಂಗಳಿಗೊಮ್ಮೆ, ಹತ್ತಿರದ ಹಾಸ್ಟೆಲ್ ಅಥವಾ ಪಿ.ಜಿ.ಯ ಇಬ್ಬರು ಕನ್ನಡದ ಹುಡುಗಿಯರನ್ನು ಊಟಕ್ಕೆ ಕರೆಯೋಣ. ಜೋಳದ ರೊಟ್ಟಿಯೋ ಅನ್ನ ಸಾರೋ, ಇದ್ದದ್ದೇ ಸಾಕು. ಯಾವ ಜಾತಿ, ಎಷ್ಟು ಮಾರ್ಕ್ಸು, ಮದುವೆ ಯಾವಾಗ ಎಂದು ಕೇಳುವುದು ಬೇಡ. ಜಾಗ ನೋಡಲು ಬರುವ ಅಪ್ಪ ಅಮ್ಮನ ಜೊತೆ ರಾತ್ರಿ ಎಂಟಕ್ಕೆ ನಡೆದು ಬರಲು ನಮ್ಮಲ್ಲಿ ಮೂವರು ಸಿದ್ಧರಿದ್ದರೆ ಇನ್ನೂ ಒಳ್ಳೆಯದು. ಅವಳು ಹಾಸ್ಟೆಲಿನಲ್ಲಿ ಇರಲಿ, ಕಷ್ಟಕ್ಕೆ ಕರೆಯಲು ನಮ್ಮ ನಂಬರು ಅವಳ ಹತ್ತಿರ ಇರಲಿ.

ಎಲ್ಲಿ ಇರಬೇಕೆಂಬ ಕೊನೆಯ ಮಾತು ಮಾತ್ರ ಹುಡುಗಿಯದೇ ಆಗಲಿ. ಎರಡು ಮೂರು ಜಾಗ ತೋರಿಸೋಣ, ಗೊತ್ತಿದ್ದದ್ದು ಹೇಳೋಣ, ಆಮೇಲೆ ಸುಮ್ಮನಿರೋಣ. ಸುಮ್ಮನಿರುವುದು ನಮಗೆ ಕಷ್ಟ, ನನಗೂ ಕಷ್ಟ!

ಭಾನುವಾರದ ಊಟಕ್ಕೂ, ಜಾಗ ನೋಡಲು ಜೊತೆಗೆ ಹೋಗುವುದಕ್ಕೂ ಹೆಸರು ಕೊಡುವವರು ಸಭೆ ಮುಗಿದ ಮೇಲೆ ದಯವಿಟ್ಟು ನನ್ನನ್ನು ಕಾಣಿ. ನನ್ನ ಹೆಸರನ್ನು ಎರಡರಲ್ಲೂ ಮೊದಲು ಬರೆದಿದ್ದೇನೆ.