ಕಂಪ್ಯೂಟರಿಗೆ ಗಾಳಿಯೋ, ನೀರೋ?

(ಪುಣೆಯಲ್ಲಿ ಸಂಘದ ಮಾಸಿಕ ಸಭೆಯಲ್ಲಿ ಮಾಡಿದ ಭಾಷಣ)



ಸಂಜೆ ನಮ್ಮ ಮಕ್ಕಳು ಕಲಿಯುವ ಸಂಘದ ಕಂಪ್ಯೂಟರು ಏಪ್ರಿಲಿನಲ್ಲಿ ಮೇಲಿಂದ ಮೇಲೆ ನಿಂತುಹೋಗುತ್ತಿದ್ದುದು ತಮಗೆಲ್ಲ ತಿಳಿದೇ ಇದೆ. ಅಂಗಡಿಯವನೊಬ್ಬ ಬಂದು, “ನೀರಿನ ಕೂಲರ್ ಹಾಕಿಸಿ, ಏಳೆಂಟು ಸಾವಿರ ಆದೀತು” ಎಂದ. ನಮ್ಮ ಹುಡುಗರಿಗೂ ಅದೇ ಬೇಕು. ಅದರಲ್ಲಿ ಬಣ್ಣದ ದೀಪ ಉರಿಯುತ್ತದಂತೆ! ಆದರೆ ಸಂಘದ ದುಡ್ಡೆಂದರೆ ಮಾಣಿಗಳೂ ಕ್ಲೀನರ್ ಹುಡುಗರೂ ಕೊಟ್ಟ ಹತ್ತು-ಇಪ್ಪತ್ತು ರೂಪಾಯಿ. ಅದಕ್ಕೇ ಒಪ್ಪುವ ಮೊದಲು ನಾಲ್ಕು ಕಡೆ ವಿಚಾರಿಸಿದೆ. ನಾನು ಓದಿದ್ದು ಏಳನೆಯ ಇಯತ್ತೆ. ಆದರೂ ಹದಿನೈದು ವರ್ಷ ಒಲೆಯ ಮುಂದೆ ನಿಂತವನಿಗೆ ಶಾಖದ ಮಾತು ತಿಳಿಯದೆ ಹೋಗದು.

ಪ್ರೊಸೆಸರ್ ಎಂಬುದು ಬಿಸ್ಕತ್ತಿನಷ್ಟು ಸಣ್ಣ ಬಿಲ್ಲೆ. ಅದು ತಿಂದ ವಿದ್ಯುತ್ತೆಲ್ಲ ಕೊನೆಗೆ ಶಾಖವೇ ಆಗುತ್ತದೆ. ೧೦೦ ಡಿಗ್ರಿಯ ಹತ್ತಿರ ಬಂದಾಗ ತಾನೇ ವೇಗ ಇಳಿಸುತ್ತದೆ. ಇನ್ನೂ ಏರಿದರೆ ಯಂತ್ರವೇ ಆರಿಹೋಗುತ್ತದೆ. ಕಾಫಿಯನ್ನು ಲೋಟದಿಂದ ಬಟ್ಟಲಿಗೆ ಸುರಿದರೆ ಏಕೆ ಬೇಗ ಆರುತ್ತದೆ? ಗಾಳಿ ತಾಗುವ ಮೈ ಅಗಲವಾಗುತ್ತದೆ. ಗಾಳಿಯ ಕೂಲರೂ ಹಾಗೆಯೇ: ತಾಮ್ರದ ಕೊಳವೆ ಶಾಖವನ್ನು ಒಯ್ಯುತ್ತದೆ, ಅಲ್ಯೂಮಿನಿಯಂ ತಗಡುಗಳು ಹರಡುತ್ತವೆ, ಫ್ಯಾನು ಊದುತ್ತದೆ. ನೀರಿನದರಲ್ಲೂ ಶಾಖ ಕೊನೆಗೆ ಕೋಣೆಯ ಗಾಳಿಗೇ ಹೋಗಬೇಕು. ನಡುವೆ ನೀರು, ಪಂಪು ಬಂದವು, ಅಷ್ಟೆ. ಕೋಣೆಯೇ ೪೦ ಡಿಗ್ರಿ ಇದ್ದರೆ ಎರಡರಲ್ಲಿ ಯಾವುದೂ ಅದಕ್ಕಿಂತ ಕೆಳಗೆ ಇಳಿಸಲಾರದು.

ನಾನು ನೀರನ್ನು ಹಳಿಯುತ್ತಿಲ್ಲ. ಇಲ್ಲೇ ಪಾಷಾಣಿನ ಐಸರ್ ಸಂಸ್ಥೆಯಲ್ಲಿ ೨೦೧೯ರಲ್ಲಿ ಬಂದ ‘ಪರಂ ಬ್ರಹ್ಮ’ ಎಂಬ ಮಹಾಗಣಕವನ್ನು ದ್ರವ ಹರಿಸಿಯೇ ತಣಿಸುತ್ತಾರೆ. ಮನೆಯ ಕಂಪ್ಯೂಟರುಗಳಲ್ಲೂ ೨೫೦ ವಾಟ್ ತಿನ್ನುವ ಪ್ರೊಸೆಸರುಗಳುಂಟು. ಅವಕ್ಕೆ ಅದು ಸರಿ. ನಮ್ಮದು ೬೫ ವಾಟಿನದು. ಹತ್ತು ಜನರ ಸಾರಿಗೆ ಮದುವೆ ಮನೆಯ ಕೊಪ್ಪರಿಗೆ ಏಕೆ? ಮೇಲಾಗಿ, ಪಂಪು ಕೆಟ್ಟರೆ ಸಾಮಾನ್ಯವಾಗಿ ಇಡೀ ಕೂಲರೇ ಹೋಯಿತು. ಫ್ಯಾನು ಕೆಟ್ಟರೆ ಫ್ಯಾನು ಬದಲಿಸಿದರಾಯಿತು.

ಡಬ್ಬಿ ಬಿಚ್ಚಿಸಿ ನೋಡಿದರೆ, ಕೆಳಗಿನ ಅಡಿಗೆಮನೆಯ ಎಣ್ಣೆಹೊಗೆಯೂ ಧೂಳೂ ಸೇರಿ ತಗಡುಗಳಿಗೆ ಕಂಬಳಿ ಹೊದಿಸಿದಂತಾಗಿತ್ತು. ಹತ್ತಿಯ ಧೂಳು ಕಂಡ ಗಿರಣಿಯವರಿಗೆ ಇದನ್ನು ವಿವರಿಸಬೇಕಿಲ್ಲ. ಪ್ರೊಸೆಸರಿಗೂ ಕೂಲರಿಗೂ ನಡುವೆ ಹಚ್ಚುವ ಪೇಸ್ಟು ಒಣಗಿ ಪುಡಿಯಾಗಿತ್ತು. ಫ್ಯಾನೂ ಸವೆದಿತ್ತು.

ಎರಡು ಸಾವಿರದೊಳಗಿನ ಗಾಳಿಯ ಕೂಲರನ್ನೇ ತಂದೆ. ಒಂದು ತಪ್ಪು ಮಾಡಿದೆ, ಒಪ್ಪಿಕೊಳ್ಳುತ್ತೇನೆ. ವಾಟ್ ನೋಡಿದೆ, ನಮ್ಮ ಸಾಕೆಟ್ಟಿಗೆ ಕೂಡುವುದೇ ಎಂದು ಕೇಳಿದೆ, ಎತ್ತರ ಅಳೆಯಲಿಲ್ಲ. ಡಬ್ಬಿಯ ಬಾಗಿಲೇ ಮುಚ್ಚಲಿಲ್ಲ! ಮರುದಿನ ಗಿಡ್ಡದಕ್ಕೆ ಬದಲಿಸಿಕೊಂಡು ಬಂದೆ. ಮೇ ತಿಂಗಳಿಡೀ ಯಂತ್ರ ಒಮ್ಮೆಯೂ ನಿಲ್ಲಲಿಲ್ಲ.

ಉಳಿದ ಹಣದ ವಿಚಾರ ಸಮಿತಿಗೆ ಬಿಟ್ಟದ್ದು. ಆದರೆ ತಿಂಗಳಿಗೊಮ್ಮೆ ಧೂಳು ತೆಗೆಯುವ ಪಾಳಿಯನ್ನು ಇಂದೇ ಗೋಡೆಗೆ ಹಚ್ಚೋಣ. ಮೊದಲ ಹೆಸರು ನನ್ನದು ಬರೆಯಿರಿ.