ಗೋಳಿನ ಬೆನ್ನಿಗೆ ನಗೆ

ಬಿ. ಎಂ. ಶ್ರೀಕಂಠಯ್ಯನವರು ಗ್ರೀಕ್ ಮೂಲದಿಂದ ಕನ್ನಡಕ್ಕೆ ತಂದ ‘ಪಾರಸಿಕರು’ ನಾಟಕವನ್ನು ತರಗತಿಯಲ್ಲಿ ಓದಿ ಹೇಳಿದ್ದೇನೆ. ಸಲಾಮಿಸ್ಸಿನ ಕಡಲಕಾಳಗದಲ್ಲಿ ಸೋತ ದೊರೆ ಹರಕು ಬಟ್ಟೆಯಲ್ಲಿ ಹಿಂದಿರುಗುತ್ತಾನೆ. ವೃದ್ಧರ ಮೇಳ ಎದೆ ಬಡಿದುಕೊಂಡು ಗೋಳಿಡುತ್ತದೆ. ನಾಟಕ ಅಲ್ಲಿಗೆ ಮುಗಿಯುತ್ತದೆ. ಹುಡುಗರೂ ಮೌನ, ನಾನೂ ಮೌನ. ಆ ಗೋಳನ್ನೇ ಹೊತ್ತು ಅಂದಿನ ಪ್ರೇಕ್ಷಕರು ಮನೆಗೆ ಹೋದರೆಂದು ಬಹುಕಾಲ ನಂಬಿದ್ದೆ. ನಾನು ಹೇಳಿದ್ದು ಅರ್ಧ ಪಾಠವೆಂದು ಆಮೇಲೆ ತಿಳಿಯಿತು.

ಈಸ್ಕಿಲಸ್ ಕವಿ ಇದನ್ನು ಆಡಿಸಿದ್ದು ಕ್ರಿ.ಪೂ. 472ರಲ್ಲಿ, ಅಥೆನ್ಸಿನ ಡಯೊನೈಸಸ್ ದೇವರ ಉತ್ಸವದಲ್ಲಿ. ಅಲ್ಲಿ ಸ್ಪರ್ಧೆಗಿಳಿದ ಕವಿ ಮೂರು ರುದ್ರನಾಟಕಗಳನ್ನು ಕೊಟ್ಟು, ನಾಲ್ಕನೆಯದಾಗಿ ಒಂದು ನಗೆಯಾಟವನ್ನೂ ತಾನೇ ಬರೆದುಕೊಡಬೇಕಾಗಿತ್ತು. ಅದೇ ಸ್ಯಾಟಿರ್ ನಾಟಕ. ಕುದುರೆಯ ಕಿವಿ, ಕುದುರೆಯ ಬಾಲ, ಕುಡಿತದ ಚಪಲ, ಬಾಯಲ್ಲಿ ಮಾತ್ರ ಶೌರ್ಯ—ಇದು ಸ್ಯಾಟಿರರ ಲಕ್ಷಣ. ಸ್ವಲ್ಪ ಹೊತ್ತಿಗೆ ಮುಂಚೆ ಗೋಳಿಟ್ಟ ಮೇಳದವರೇ ಬಾಲ ಕಟ್ಟಿಕೊಂಡು ಕುಣಿಯುತ್ತ ಬರುತ್ತಿದ್ದರೆಂದು ವಿದ್ವಾಂಸರ ಮತ.

ಅಂದಿನ ನಗೆಯಾಟದ ವಸ್ತು, ಪ್ರೊಮೀಥಿಯಸ್ ಮನುಷ್ಯರಿಗೆ ಬೆಂಕಿ ತಂದುಕೊಟ್ಟ ಕಥೆ. ನಾಟಕ ಉಳಿದಿಲ್ಲ, ಚೂರುಗಳಷ್ಟೆ ಸಿಕ್ಕಿವೆ. ಅದರದೆಂದು ಎಣಿಸುವ ಒಂದು ಚೂರಿನ ಸಂದರ್ಭವನ್ನು ಪ್ಲೂಟಾರ್ಕ್ ಹೇಳಿದ್ದಾನೆ: ಮೊದಲ ಬಾರಿ ಬೆಂಕಿ ಕಂಡ ಸ್ಯಾಟಿರನೊಬ್ಬ ಅದರ ಚೆಲುವಿಗೆ ಮರುಳಾಗಿ ಅಪ್ಪಿ ಮುತ್ತಿಡಲು ಹೋಗುತ್ತಾನೆ, ಗಡ್ಡ ಹೋದೀತು, ಜೋಕೆ ಎಂದು ಪ್ರೊಮೀಥಿಯಸ್ ತಡೆಯುತ್ತಾನೆ.

ಇಲ್ಲಿ ಕೊಂಚ ನಿಲ್ಲಬೇಕು. ಸಲಾಮಿಸ್ಸಿನ ಯುದ್ಧ ನಡೆದ ಕ್ರಿ.ಪೂ. 480ರಲ್ಲೇ ಪಾರಸಿಕರು ಅಥೆನ್ಸಿಗೆ ಬೆಂಕಿಯಿಟ್ಟಿದ್ದರು. ಮನೆ ಸುಟ್ಟುಹೋದವರು, ಮಕ್ಕಳನ್ನು ಕಳೆದುಕೊಂಡವರು ಆ ಪ್ರೇಕ್ಷಕರಲ್ಲಿ ಇದ್ದೇ ಇರಬೇಕು. ಮೊದಲು ಅವರು ಶತ್ರುವಿನ ದುಃಖವನ್ನು ನೋಡಿದರು. ಆಮೇಲೆ ಬೆಂಕಿಗೆ ಮುತ್ತಿಡಹೊರಟ ಪೆದ್ದನನ್ನು ನೋಡಿದರು. ಆ ನಗೆ ಎಂಥದಿದ್ದೀತು!

ನಮ್ಮ ಕಂಪೆನಿ ನಾಟಕಗಳಲ್ಲಿ ಹಾಸ್ಯ ನಡುನಡುವೆಯೇ ನುಸುಳುತ್ತಿತ್ತು. ಸಂಸ್ಕೃತ ನಾಟಕದಲ್ಲಿ ವಿದೂಷಕ ರಾಜನ ಮಗ್ಗುಲಲ್ಲೇ ಇರುತ್ತಾನೆ. ಅಳು ಮುಗಿಯುವವರೆಗೂ ನಗೆಯನ್ನು ಹೊರಗೆ ಕಾಯಿಸುವ ಈ ಗ್ರೀಕ್ ಕ್ರಮವೇ ನನಗೆ ಹೆಚ್ಚು ಮೆಚ್ಚಿಗೆ.

ಪೂರ್ತಿಯಾಗಿ ಉಳಿದಿರುವ ಸ್ಯಾಟಿರ್ ನಾಟಕ ಒಂದೇ, ಯೂರಿಪಿಡೀಸನ ‘ಸೈಕ್ಲೋಪ್ಸ್’. ಒಕ್ಕಣ್ಣ ರಾಕ್ಷಸನ ಕಣ್ಣಿಗೆ ಕಾದ ಕೊಳ್ಳಿ ಚುಚ್ಚುವ ಗಳಿಗೆ ಬಂದಾಗ, ಅದುವರೆಗೆ ಜಂಬ ಕೊಚ್ಚಿದ ಸ್ಯಾಟಿರರಲ್ಲಿ ಕೆಲವರಿಗೆ ಥಟ್ಟನೆ ಕಾಲು ಕುಂಟು, ಕೆಲವರ ಕಣ್ಣಲ್ಲಿ ಧೂಳು! ಮನೆಪಾಠದ ಪುಸ್ತಕ ತೆಗೆಯಿರೆಂದಾಗ ನನ್ನ ಹುಡುಗರು ಹೇಳುವ ನೆಪಗಳೂ ಇವಕ್ಕಿಂತ ಬಹಳ ಮುಂದುವರಿದಿಲ್ಲ.

ಕ್ರಿ.ಪೂ. 341ರ ಹೊತ್ತಿಗೆ ಪದ್ಧತಿ ಬದಲಾಗಿತ್ತು. ಎಲ್ಲ ಕವಿಗಳ ರುದ್ರನಾಟಕಗಳಿಗೂ ಸೇರಿ ಒಂದೇ ಸ್ಯಾಟಿರ್ ನಾಟಕ, ಅದೂ ಮೊದಲಿಗೇ—ಊಟಕ್ಕೆ ಮುಂಚೆ ಎಲೆಯಡಿಕೆ ಕೊಟ್ಟ ಹಾಗೆ.