‘ಜಾತಿಗಾಗಿ ಹೊಡೆದದ್ದಲ್ಲ’ ಅನ್ನುವವರಿಗೆ

(ನಂಜನಗೂಡು, ತಿ. ನರಸೀಪುರ ತಾಲೂಕುಗಳ ಕಾರ್ಯಕರ್ತರ ಸಭೆಯಲ್ಲಿ ಆಡಿದ ಮಾತು)



ನಂಜನಗೂಡು ತಾಲೂಕಿನ ಬದನವಾಳು ಇಲ್ಲಿ ಕೂತಿರುವ ಯಾರಿಗೂ ಹೊಸ ಹೆಸರಲ್ಲ. 1993ರ ಮಾರ್ಚಿನಲ್ಲಿ, ದಲಿತರು ದೇವಸ್ಥಾನದೊಳಕ್ಕೆ ಹೋಗುವ ವಿಚಾರದ ಜಗಳದ ಬೆನ್ನಿಗೇ, ನಮ್ಮ ಮೂವರನ್ನು ಕೊಂದರು. ಮುಂದಿನ ತಿಂಗಳೇ, ಏಪ್ರಿಲ್ 22ರ ರಾತ್ರಿ, ಲಂಡನ್ನಿನಲ್ಲಿ ಬಸ್ಸಿಗೆ ಕಾಯುತ್ತಿದ್ದ ಸ್ಟೀಫನ್ ಲಾರೆನ್ಸ್ ಎಂಬ 18 ವರ್ಷದ ಕರಿಯ ಹುಡುಗನನ್ನು ಬಿಳಿಯ ಹುಡುಗರ ಗುಂಪು ಇರಿದು ಕೊಂದಿತು. ಬದನವಾಳು ಕೇಸಿನಲ್ಲಿ ಮೈಸೂರಿನ ಕೋರ್ಟು ಜೀವಾವಧಿ ಶಿಕ್ಷೆ ಕೊಟ್ಟಿದ್ದು 2010ರಲ್ಲಿ, 17 ವರ್ಷ ಕಳೆದ ಮೇಲೆ. ಲಂಡನ್ನಿನ ಕೊಲೆಗಾರರಲ್ಲಿ ಇಬ್ಬರಿಗೆ ಶಿಕ್ಷೆಯಾಗಿದ್ದು 2012ರಲ್ಲಿ, 19ನೇ ವರ್ಷಕ್ಕೆ. ತಡ ಎರಡೂ ಕಡೆ ಆಯಿತು. ಆದರೆ ಆ ನಡುವೆ ಅಲ್ಲಿ ಆದದ್ದೇನು, ಇಲ್ಲಿ ಆಗದೇ ಹೋದದ್ದೇನು ಅಂತ ನಾವು ನೋಡಬೇಕು.

ಇಂಥ ಕೃತ್ಯಕ್ಕೆ ಹೊರದೇಶದವರು ‘ದ್ವೇಷದ ಅಪರಾಧ’ ಅಂತ ಹೆಸರಿಟ್ಟಿದ್ದಾರೆ. ನಮ್ಮ ಕಾನೂನು ‘ದೌರ್ಜನ್ಯ’ ಅನ್ನುತ್ತೆ. ಕೇರಿಯಲ್ಲಿ ನಾವು ‘ಅಟ್ರಾಸಿಟಿ ಕೇಸು’ ಅಂತೀವಿ. ನನಗೆ ನಮ್ಮ ಮಾತೇ ಸರಿ ಅನ್ನಿಸುತ್ತೆ. ಯಾಕೆ ಅಂದರೆ, ಊರಿನ ಯಜಮಾನನನ್ನು ಕೇಳಿ ನೋಡಿ: ‘ದ್ವೇಷವಾ? ಅವರಪ್ಪ ನಮ್ಮ ಮನೇಲೇ ಆಳಾಗಿದ್ದ, ಮನೆ ಮಗನ ಥರ ನೋಡ್ಕೊಂಡಿದ್ವಿ’ ಅಂತಾನೆ. ಸುಳ್ಳಲ್ಲದೆಯೂ ಇರಬಹುದು. ಜಗುಲಿಯಿಂದ ಕೆಳಗೆ ನಿಂತಿರುವ ತನಕ ಪ್ರೀತಿಗೆ ಬರವಿಲ್ಲ. ಹೊಸ ಚಪ್ಪಲಿ ಮೆಟ್ಟಿ ಬೀದೀಲಿ ನಡೆದಾಗ, ಹೋಟೆಲಿನಲ್ಲಿ ಲೋಟ ಕೇಳಿದಾಗ, ಗುಡಿಯ ಹೊಸ್ತಿಲು ದಾಟಿದಾಗ ದೊಣ್ಣೆ ಮೇಲೇಳುತ್ತೆ. ಅದು ನಿಂತ ಜಾಗ ಬಿಟ್ಟು ಮುಂದೆ ಬಂದದ್ದಕ್ಕೆ ಕೊಡುವ ಶಿಕ್ಷೆ.

ಅಮೆರಿಕಾದ ಕರಿಯರಿಗೆ ಇದು ಗೊತ್ತಿತ್ತು. 1955ರಲ್ಲಿ ಮಿಸಿಸಿಪ್ಪಿಯಲ್ಲಿ ಎಮ್ಮೆಟ್ ಟಿಲ್ ಎಂಬ 14 ವರ್ಷದ ಹುಡುಗ ಅಂಗಡಿಯ ಬಿಳಿ ಹೆಂಗಸಿನ ಮುಂದೆ ಸಲಿಗೆಯಿಂದ ನಡೆದುಕೊಂಡ ಅಂತ ಅವನನ್ನು ಹೊತ್ತೊಯ್ದು ಕೊಂದರು. ಬರೀ ಬಿಳಿಯರೇ ಕೂತಿದ್ದ ಜ್ಯೂರಿ ಸುಮಾರು ಒಂದು ಗಂಟೆಯಲ್ಲಿ ಇಬ್ಬರನ್ನೂ ಬಿಟ್ಟಿತು. ಆಮೇಲೆ ಅವರೇ ಪತ್ರಿಕೆಯಿಂದ ಹಣ ತಗೊಂಡು ‘ಕೊಂದಿದ್ದು ನಾವೇ’ ಅಂದರು. ಆ ಹುಡುಗನ ಹೆಸರಿನಲ್ಲಿ ಗುಂಪುಕೊಲೆ ವಿರುದ್ಧ ಆ ದೇಶಕ್ಕೆಲ್ಲ ಒಂದು ಕಾನೂನು ಬಂದಿದ್ದು 2022ರಲ್ಲಿ. 1990ರಿಂದ ದ್ವೇಷದ ಅಪರಾಧಗಳ ಲೆಕ್ಕ ಇಡಬೇಕು ಅಂತ ಅಲ್ಲಿ ಕಾಯಿದೆ ಇದೆ. ಆದರೆ ಊರಿನ ಪೊಲೀಸರು ಲೆಕ್ಕ ಕಳಿಸಲೇಬೇಕು ಅಂತ ಆ ಕಾಯಿದೆ ಹೇಳಲ್ಲ.

ಜರ್ಮನಿಯಲ್ಲಿ 2000ದಿಂದ 2007ರವರೆಗೆ ಹಿಟ್ಲರನ ಪಂಥದ ಒಂದು ಗುಂಪು 10 ಜನರನ್ನು ಕೊಂದಿತು. ಹೆಚ್ಚಿನವರು ತುರ್ಕಿ ಮೂಲದವರು. ಪೊಲೀಸರು ವರ್ಷಗಟ್ಟಲೆ ಅನುಮಾನಪಟ್ಟಿದ್ದು ಯಾರ ಮೇಲೆ? ಸತ್ತವರ ಮನೆಯವರ ಮೇಲೆ! ನಿಜ ಬಯಲಾಗಿದ್ದು 2011ರಲ್ಲಿ. ಅದಾದ ಮೇಲೆ, 2015ರಲ್ಲಿ, ಶಿಕ್ಷೆ ಗೊತ್ತುಮಾಡುವಾಗ ಜನಾಂಗದ್ವೇಷವನ್ನು ನೋಡಬೇಕು ಅಂತ ಅಲ್ಲಿಯ ದಂಡಸಂಹಿತೆಗೆ ಸೇರಿಸಿದರು.

ಈಗ ಇಂಗ್ಲೆಂಡಿಗೆ ಬನ್ನಿ. ಲಾರೆನ್ಸನ ತಾಯಿ ತಂದೆ ಬಿಡಲಿಲ್ಲ. ಸರ್ಕಾರ ಬಹಿರಂಗ ವಿಚಾರಣೆ ನಡೆಸಲೇಬೇಕಾಯಿತು. 1999ರಲ್ಲಿ ಮ್ಯಾಕ್‌ಫರ್ಸನ್ ಅವರ ವರದಿ ಬಂತು. ಲಂಡನ್ ಪೊಲೀಸ್ ಸಂಸ್ಥೆಯೇ ಜನಾಂಗಭೇದದಿಂದ ಕೂಡಿದೆ ಅಂತ ಬರೆದರು. ಇನ್ನೊಂದು ಮಾತನ್ನೂ ಹೇಳಿದರು: ಪೆಟ್ಟು ತಿಂದವನಾಗಲಿ, ಬೇರೆ ಯಾರಾಗಲಿ ‘ಇದು ಜನಾಂಗದ ಕಾರಣಕ್ಕೆ’ ಅಂದರೆ ಪೊಲೀಸರು ಹಾಗೇ ದಾಖಲು ಮಾಡಿಕೊಳ್ಳಬೇಕು. ಹೌದೋ ಅಲ್ಲವೋ ಅನ್ನೋದನ್ನು ತನಿಖೆ ಹೇಳಲಿ, ಠಾಣೆಯ ಮೇಜು ಹೇಳೋದು ಬೇಡ.

ನಮ್ಮಲ್ಲಿ ಮೇಜೇ ತೀರ್ಪು ಕೊಡುತ್ತೆ. ‘ಇದು ಜಮೀನಿನ ಜಗಳ ಕಣಯ್ಯ, ಜಾತಿ ಯಾಕೆ ತರ್ತೀಯಾ? ರಾಜಿ ಆಗಿ ಹೋಗು’ ಅಂತಾರೆ. 1989ರ ದೌರ್ಜನ್ಯ ತಡೆ ಕಾಯಿದೆಯಲ್ಲೇ ಒಂದು ತೂತಿತ್ತು. ಕೊಲೆಯಂಥ ದೊಡ್ಡ ಅಪರಾಧವನ್ನು ಸತ್ತವನು ಪರಿಶಿಷ್ಟನು ‘ಎಂಬ ಕಾರಣಕ್ಕಾಗಿ’ ಮಾಡಿದ್ದು ಅಂತ ತೋರಿಸಬೇಕಿತ್ತು. ಕೊಂದವನ ಎದೆ ಬಗೆದು ಜಾತಿ ತೋರಿಸಿ ಅಂದ ಹಾಗಾಯಿತು. ಎಷ್ಟೋ ಕೇಸು ಅಲ್ಲೇ ಬಿದ್ದವು. 2015ರ ತಿದ್ದುಪಡಿ 2016ರ ಜನವರಿ 26ರಿಂದ ಜಾರಿಗೆ ಬಂತು. ಈಗ, ಇವನು ಪರಿಶಿಷ್ಟನು ಅಂತ ‘ತಿಳಿದಿದ್ದೂ’ ಮಾಡಿದರೆ ಸಾಕು. ಅವನ ಕುಟುಂಬದ ಪರಿಚಯ ಆರೋಪಿಗೆ ಇತ್ತು ಅಂತಾದರೆ, ಜಾತಿಯೂ ಗೊತ್ತಿತ್ತು ಅಂತಲೇ ಕೋರ್ಟು ಭಾವಿಸಬೇಕು. ಇಲ್ಲ ಅನ್ನೋದನ್ನು ಆರೋಪಿಯೇ ತೋರಿಸಬೇಕು. ಯಾರ ಮನೆ ಯಾವ ಕೇರಿ ಅಂತ ಗೊತ್ತಿಲ್ಲದ ಹಳ್ಳಿ ಎಲ್ಲಿದೆ ಹೇಳಿ?

ಇಂಗ್ಲೆಂಡಿನಲ್ಲಿ ವರದಿ ಬೈದ ಪೊಲೀಸರನ್ನು ನಮ್ಮ ಕಾಯಿದೆಯ 4ನೇ ಕಲಂ ಜೈಲಿಗೇ ಕಳಿಸಬಲ್ಲದು. ಬೇಕೆಂದೇ ಕರ್ತವ್ಯ ಬಿಟ್ಟ, ಪರಿಶಿಷ್ಟನಲ್ಲದ ಅಧಿಕಾರಿಗೆ 6 ತಿಂಗಳಿಂದ 1 ವರ್ಷ ಶಿಕ್ಷೆ. ಆದರೆ ಅದಕ್ಕೆ ಮೊದಲು ಇಲಾಖೆಯ ವಿಚಾರಣೆಯಿಂದ ಶಿಫಾರಸು ಬರಬೇಕು. ಅಂದರೆ ಅವರವರೇ ಕೂತು ಅವರವರ ತಪ್ಪು ಹೇಳಬೇಕು. ಕಾಗದದಲ್ಲಿ ನಾವು ಇಂಗ್ಲೆಂಡಿಗಿಂತ ಮುಂದಿದ್ದೇವೆ. ಠಾಣೆಯನ್ನೇ ಜನರ ಮುಂದೆ ಕಟಕಟೆಗೆ ತಂದ ಅಂಥ ವಿಚಾರಣೆ ಬದನವಾಳಿಗೆ ಸಿಗಲಿಲ್ಲ.

ಇನ್ನು ಸಾಕ್ಷಿಯ ಮಾತು. 2000ದ ಮಾರ್ಚ್ 11ರಂದು ಚಿಂತಾಮಣಿ ತಾಲೂಕಿನ ಕಂಬಾಲಪಲ್ಲಿಯಲ್ಲಿ 7 ಜನ ದಲಿತರನ್ನು ಸುಟ್ಟರು. ಸಾಕ್ಷಿಗಳು ತಿರುಗಿದರು. 2006ರಲ್ಲಿ ಕೆಳಗಿನ ಕೋರ್ಟು ಆರೋಪಿಗಳನ್ನು ಬಿಟ್ಟಿತು, 2014ರಲ್ಲಿ ಹೈಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಏಳು ಜನ ಸತ್ತರು, ಸುಟ್ಟವರು ಯಾರೂ ಇಲ್ಲ! ಸಾಕ್ಷಿಯನ್ನು ಬೈಯೋದು ಸುಲಭ. ಅವನು ನಾಳೆ ಕೂಲಿಗೆ ಯಾರ ಹೊಲಕ್ಕೆ ಹೋಗಬೇಕು? ಗಂಗಾವತಿ ತಾಲೂಕಿನ ಮರಕುಂಬಿಯಲ್ಲಿ 2014ರಲ್ಲಿ ದಲಿತರ ಮನೆಗಳಿಗೆ ಬೆಂಕಿ ಇಟ್ಟರು. ಅಲ್ಲಿ ಸಾಕ್ಷ್ಯ ನಿಂತಿತು, 2024ರ ಅಕ್ಟೋಬರಿನಲ್ಲಿ ಕೊಪ್ಪಳದ ಕೋರ್ಟು 98 ಜನರಿಗೆ ಜೀವಾವಧಿ ಕೊಟ್ಟಿತು. ಮರುತಿಂಗಳೇ ಹೈಕೋರ್ಟು ಅವರಲ್ಲಿ ಬಹುಪಾಲು ಜನಕ್ಕೆ ಜಾಮೀನು ಕೊಟ್ಟಿತು. ಸಾಕ್ಷಿ ಹೇಳಿದವನು ಅವರೆದುರಿಗೇ ಬಾಳಬೇಕು.

ಅದಕ್ಕೇ ಕಾರ್ಯಕರ್ತರು ಈ ನಾಲ್ಕು ಮಾತು ಬಾಯಿಪಾಠ ಮಾಡಿಕೊಳ್ಳಿ. ಒಂದು, ದೂರನ್ನು ಬರೆದುಕೊಂಡವರು ಓದಿ ಹೇಳಿದ ಮೇಲೇ ಸಹಿ, ಹೆಬ್ಬೆಟ್ಟು. ಜಾತಿ ಎತ್ತಿ ಆಡಿದ ಮಾತು ಅದರಲ್ಲಿ ಇದೆಯಾ ನೋಡಿ. ನಕಲು ಪುಕ್ಕಟೆ ಕೊಡಲೇಬೇಕು. ಎರಡು, ತನಿಖೆ ಡಿವೈಎಸ್‌ಪಿ ದರ್ಜೆಯವರೇ ಮಾಡಬೇಕು, 60 ದಿನದಲ್ಲಿ ಚಾರ್ಜ್‌ಶೀಟು ಹಾಕಬೇಕು. ಮೂರು, ಜಾಮೀನಿನ ಅರ್ಜಿ ಬಂದರೆ ನೊಂದವರಿಗೆ ತಿಳಿಸಬೇಕು; ಸಾಕ್ಷಿಗೆ ರಕ್ಷಣೆ, ಓಡಾಟದ ಖರ್ಚು, ಹೊಟ್ಟೆಪಾಡಿನ ಖರ್ಚು ಕೊಡಬೇಕು. ಇದು 15ಎ ಕಲಮಿನ ಹಕ್ಕು, ಯಾರ ಭಿಕ್ಷೆಯೂ ಅಲ್ಲ. ನಾಲ್ಕು, ಕೂಲಿ ನಿಲ್ಲಿಸಿದರೆ, ಅಂಗಡಿ ಸಾಮಾನು ಕೊಡದಿದ್ದರೆ, ಆ ಬಹಿಷ್ಕಾರವೇ ಇನ್ನೊಂದು ಅಪರಾಧ. ಅದಕ್ಕೂ ಬೇರೆ ದೂರು ಕೊಡಿ.

ಕಾನೂನು ಕೊಡದ ಒಂದನ್ನು ನಾವೇ ಕೊಡಬೇಕು. ಕೇಸು ನಡೆಯುವ ಅಷ್ಟೂ ವರ್ಷ, ಎರಡು ತಾಲೂಕಿನ ನಾವು ಸಾಕ್ಷಿಯ ಮನೆಯ ಒಲೆ ಆರದ ಹಾಗೆ ನೋಡಿಕೊಳ್ಳಬೇಕು. ಒಲೆ ಆರಿದ ಮನೆಯ ಸಾಕ್ಷಿ ಎಷ್ಟು ದಿನ ನಿಂತಾನು?

ಜೈ ಭೀಮ್.